ಮುಂಬೈಯಲ್ಲಿ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಬೇಕಾಗಿ ಬಂದರೆ

ಮೊದಲೇ ಹೇಳಿಬಿಡುತ್ತೇನೆ, ನಾನು ವಕೀಲನಲ್ಲ. ಕುರ್ಲಾ ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲರೊಬ್ಬರ ಬಳಿ ಗುಮಾಸ್ತ. ನಮ್ಮ ಆಫೀಸಿಗೆ ಬರುವವರಲ್ಲಿ ನಮ್ಮ ಕಡೆಯವರೇ, ಅಂದರೆ ಕನ್ನಡ ನಾಡಿನಿಂದ ಬಂದವರೇ ಜಾಸ್ತಿ. ಹೋಟೆಲ್ ಇಟ್ಟವರು, ಹೋಟೆಲಿನಲ್ಲಿ ದುಡಿಯುವ ಹುಡುಗರು, ಡೊಂಬಿವಲಿಯಿಂದ ದಿನಾ ಲೋಕಲ್ ಹಿಡಿದು ಬರುವ ಬ್ಯಾಂಕಿನವರು, ಕಲಬುರಗಿ ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಇವರ ಕೇಸು ಕೆಡುವುದು ಕೋರ್ಟಿನಲ್ಲಿ ಅಲ್ಲ. ಮೊದಲ ದಿನವೇ, ಸ್ಟೇಷನ್ನಿನ ಮೇಜಿನ ಮುಂದೆ, ಏನು ಬರೆದಿದೆ ಅಂತ ಗೊತ್ತಿಲ್ಲದ ಮರಾಠಿ ಕಾಗದಕ್ಕೆ "ಆಯ್ತು ಸಾಹೇಬ್ರೇ" ಅಂತ ಸಹಿ ಹಾಕುವಾಗ ಕೆಡುತ್ತದೆ. ಹಾಗಾಗಿ ಇಲ್ಲಿ ನಾನು ಜಾಸ್ತಿ ಬರೆಯುವುದು ಕಾಗದದ ಬಗ್ಗೆಯೇ. ಯಾವುದಕ್ಕೆ ಸಹಿ ಹಾಕಬೇಕು, ಯಾವುದಕ್ಕೆ ಬೇಡ, ಯಾವುದರ ನಕಲು ಕೇಳಿ ತರಬೇಕು. ನಿಮ್ಮ ಕೇಸಿಗೆ ಬೇಕಾದ ಸಲಹೆಯನ್ನು ವಕೀಲರ ಹತ್ತಿರವೇ ಕೇಳಿ.

ಒಂದು ವಿಷಯ ಮೊದಲು. 2024ರ ಜುಲೈ 1ರಿಂದ ಕಾನೂನು ಪುಸ್ತಕಗಳೇ ಬದಲಾಗಿವೆ. 1860ರ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಇದರಲ್ಲಿ ಯಾವುದು ಅಪರಾಧ, ಎಷ್ಟು ಶಿಕ್ಷೆ ಅಂತ ಇದೆ. 1973ರ ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು. ದೂರು, ಬಂಧನ, ಜಾಮೀನು, ವಿಚಾರಣೆ ಎಲ್ಲ ಹೇಗೆ ನಡೆಯಬೇಕು ಅನ್ನುವುದು ಇದರಲ್ಲಿ. ಸಾಕ್ಷ್ಯದ ಕಾನೂನೂ ಹೊಸದು. ಜನ ಇನ್ನೂ 420, 302 ಅಂತಲೇ ಹೇಳುತ್ತಾರೆ, ಕಾಗದದಲ್ಲಿ ಮಾತ್ರ ಮೋಸಕ್ಕೆ 318, ಕೊಲೆಗೆ 103 ಅಂತ ಬರುತ್ತದೆ. 2024ರ ಜುಲೈಗಿಂತ ಮೊದಲು ನಡೆದ ಘಟನೆಗೆ ಇವತ್ತಿಗೂ ಹಳೇ ಐಪಿಸಿ ಕಲಂಗಳೇ ಅನ್ವಯ. ಆದ್ದರಿಂದ ಒಂದೇ ಕೋರ್ಟಿನಲ್ಲಿ ಎರಡೂ ಬಗೆಯ ನಂಬರ್ ಕೇಳಿಸಿದರೆ ಗಲಿಬಿಲಿ ಬೇಡ.

ಎಫ್‌ಐಆರ್ ಬೇರೆ, ಎನ್‌ಸಿ ಬೇರೆ

ಅಪರಾಧದಲ್ಲಿ ಎರಡು ಬಗೆ. ಕಾಗ್ನಿಜೆಬಲ್ ಅಂದರೆ ಪೊಲೀಸರು ಕೋರ್ಟನ್ನು ಕೇಳದೆ ತನಿಖೆ ಶುರು ಮಾಡಬಹುದು, ವಾರಂಟ್ ಇಲ್ಲದೆ ಹಿಡಿಯಬಹುದು. ಇದಕ್ಕೆ ಎಫ್‌ಐಆರ್ ಆಗುತ್ತದೆ. ನಾನ್ ಕಾಗ್ನಿಜೆಬಲ್ ಅಂದರೆ ಮ್ಯಾಜಿಸ್ಟ್ರೇಟ್ ಹೇಳದೆ ತನಿಖೆ ಮಾಡುವಂತಿಲ್ಲ, ಬರೆದುಕೊಂಡು ಒಂದು ನಂಬರ್ ಕೊಡುತ್ತಾರೆ, ಅಷ್ಟೇ. ಮುಂಬೈಯಲ್ಲಿ ಅದನ್ನೇ ಎಲ್ಲರೂ ಎನ್‌ಸಿ ಅನ್ನುವುದು. "ಕಂಪ್ಲೇಂಟ್ ಕೊಟ್ಟು ಆರು ತಿಂಗಳಾಯ್ತು, ಪೊಲೀಸರು ಏನೂ ಮಾಡ್ತಾ ಇಲ್ಲ" ಅಂತ ಬರುವವರ ಕೈಯಲ್ಲಿ ಹೆಚ್ಚಾಗಿ ಇರುವುದು ಎನ್‌ಸಿ ಚೀಟಿ. ಪೊಲೀಸರು ಏನೂ ಮಾಡುವುದಿಲ್ಲ, ಯಾಕೆಂದರೆ ಮಾಡುವ ಅಧಿಕಾರವೇ ಅವರಿಗಿಲ್ಲ.

ಯಾವುದು ಯಾವ ಕಡೆ ಬೀಳುತ್ತದೆ ಅನ್ನುವುದಕ್ಕೆ ಹೋಟೆಲ್ ಅಡುಗೆಮನೆಯ ಜಗಳವನ್ನೇ ತೆಗೆದುಕೊಳ್ಳಿ. ಒಬ್ಬ ಇನ್ನೊಬ್ಬನಿಗೆ ಕೈಯಿಂದ ಹೊಡೆದ, ಮೈ ಊದಿಕೊಂಡಿತು. ಇದು ಸಾಮಾನ್ಯ ಗಾಯ, ಕಲಂ 115, ಎನ್‌ಸಿ. ಅದೇ ಮನುಷ್ಯ ಚಾಕು ಬೀಸಿದ, ಅಥವಾ ಕಾದ ಎಣ್ಣೆ ಎರಚಿದ ಅಂದುಕೊಳ್ಳಿ. ಗಾಯ ಸಣ್ಣದೇ ಇದ್ದರೂ ಇದು ಕಲಂ 118, ಅಪಾಯಕಾರಿ ಆಯುಧದಿಂದ ಅಥವಾ ಬಿಸಿ ವಸ್ತುವಿನಿಂದ ಮಾಡಿದ ಗಾಯ, ಎಫ್‌ಐಆರ್ ಆಗಲೇಬೇಕು. ಮೂಳೆ ಮುರಿದರೆ, ಹಲ್ಲು ಮುರಿದರೆ ಅಥವಾ ಹದಿನೈದು ದಿನ ತನ್ನ ಕೆಲಸ ಮಾಡಿಕೊಳ್ಳಲಾಗದಷ್ಟು ನೋವಾದರೆ ಅದು ತೀವ್ರ ಗಾಯ, ಏಳು ವರ್ಷದವರೆಗೆ ಶಿಕ್ಷೆ. ಆದ್ದರಿಂದ ಹೊಡೆತ ಬಿದ್ದ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಸಯನ್, ಕೆಇಎಂ, ಘಾಟ್ಕೋಪರಿನ ರಾಜಾವಾಡಿ, ಯಾವುದು ಹತ್ತಿರವೋ ಅದು. ಡಾಕ್ಟರಿಗೆ ಯಾರು, ಯಾವುದರಿಂದ ಹೊಡೆದರು ಅಂತ ಸರಿಯಾಗಿ ಹೇಳಿ, ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಬೇಕಾಗುವ ಗಾಯದ ವೈದ್ಯಕೀಯ ದಾಖಲೆ, ಮಾಡಿಸಿ. "ಬಿದ್ದೆ" ಅಂತ ನಾಚಿಕೆಗೋ ಸೇಟ್ ಬೈತಾರೆ ಅಂತಲೋ ಹೇಳಿಬಿಟ್ಟರೆ ಅದೇ ಕೇಸ್ ಪೇಪರಿನಲ್ಲಿ ಬರುತ್ತದೆ, ಆಮೇಲೆ ಎಷ್ಟು ಸತ್ಯ ಹೇಳಿದರೂ ಎದುರಿನ ವಕೀಲರು ಆ ಒಂದು ಸಾಲು ಹಿಡಿದುಕೊಂಡೇ ಕೂರುತ್ತಾರೆ.

ಕಳ್ಳತನದಲ್ಲೂ ಈಗ ಒಂದು ತಿರುವು ಇದೆ. ಕಳುವಾದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದರೆ ಅದು ಎನ್‌ಸಿ. ಹಾಗಾಗಿ ಫೋನ್ ಹೋದರೆ ಬಿಲ್ ತೆಗೆದುಕೊಂಡು ಹೋಗಿ.

ಎನ್‌ಸಿ ಆಯ್ತು ಅಂದರೆ ಅದು ವ್ಯರ್ಥ ಅಲ್ಲ. ನಕಲು ಜೋಪಾನವಾಗಿ ಇಡಿ. ಅದೇ ಪಕ್ಕದ ಮನೆಯವನು ಮೂರನೇ ಸಲ ಬೆದರಿಸಿದಾಗ ಹಿಂದಿನ ಎರಡು ಎನ್‌ಸಿ ತೋರಿಸಿದರೆ ಪೊಲೀಸರು ಅವನ ಮೇಲೆ ಚಾಪ್ಟರ್ ಕೇಸ್ ಹಾಕಬಹುದು. ಶಾಂತಿ ಕೆಡಿಸುವುದಿಲ್ಲ ಅಂತ ಬಾಂಡ್ ಬರೆಸಿಕೊಳ್ಳುವ ಕ್ರಮ ಅದು. ಅಥವಾ ನೀವೇ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಿ ತನಿಖೆಗೆ ಆದೇಶ ಕೇಳಬಹುದು.

ದೂರು ಕೊಡುವ ಕ್ರಮ

ಬೀಟ್ ಚೌಕಿಗೆ ಹೋಗಿ ಹೇಳಿ ಬಂದರೆ ಅದು ದೂರು ಅಲ್ಲ. ಸ್ಟೇಷನ್ನಿಗೇ ಹೋಗಿ. ಡ್ಯೂಟಿ ಆಫೀಸರ್ ಇರುತ್ತಾರೆ, ಅವರಿಗೆ ಹೇಳಿ. ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ದಿನ, ಹೊತ್ತು, ಜಾಗ, ಯಾರ್ಯಾರು ಇದ್ದರು, ಏನು ಹೋಯ್ತು, ಅದರ ಬೆಲೆ. ಕನ್ನಡದಲ್ಲೇ ಬರೆದುಕೊಳ್ಳಿ, ಅದು ನಿಮ್ಮ ನೆನಪಿಗೆ. ಇಲ್ಲಿ ಎಫ್‌ಐಆರ್ ಬರೆಯುವುದು ಮರಾಠಿಯಲ್ಲಿ. ನೀವು ಹಿಂದಿಯಲ್ಲಿ ಹೇಳುತ್ತೀರಿ, ಅವರು ಮರಾಠಿಯಲ್ಲಿ ಟೈಪ್ ಮಾಡುತ್ತಾರೆ, ಮಧ್ಯದಲ್ಲಿ ಏನೇನೋ ಸೋರಿಹೋಗುತ್ತದೆ. ಅದಕ್ಕೇ ಕಾನೂನಿನಲ್ಲಿ ಒಂದು ಮಾತು ಇದೆ: ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡ ಮೇಲೆ ಹೇಳಿದವರಿಗೆ ಓದಿ ಹೇಳಬೇಕು, ಆಮೇಲೆ ಸಹಿ. ನಾಚಿಕೊಳ್ಳಬೇಡಿ. "ಸಾಹೇಬ್, ಏಕ್ ಬಾರ್ ಪಢ್ ಕೆ ಸುನಾಯಿಯೇ" ಅನ್ನಿ. ಮರಾಠಿ ಓದಲು ಬರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಇಲ್ಲೇ ಶಾಲೆಗೆ ಹೋದ ನಮ್ಮ ಮಕ್ಕಳಿಗೆ ಮರಾಠಿ ಚೆನ್ನಾಗಿ ಬರುತ್ತದಲ್ವಾ, ಕರೆದುಕೊಂಡು ಹೋಗಿ.

ಓದಿಸುವಾಗ ನೋಡಬೇಕಾದ್ದು ಇಷ್ಟು. ಘಟನೆಯ ದಿನ ಮತ್ತು ಹೊತ್ತು ಸರಿ ಇದೆಯಾ. ಆರೋಪಿ ಯಾರು ಅಂತ ನಿಮಗೆ ಗೊತ್ತಿದ್ದರೆ ಹೆಸರು ಬಂದಿದೆಯಾ, ಅಥವಾ ಅಪರಿಚಿತ ಅಂತ ಹಾಕಿದ್ದಾರಾ. ಹೋದ ಮಾಲಿನ ಪಟ್ಟಿ ಪೂರ್ತಿ ಇದೆಯಾ. ಎಫ್‌ಐಆರ್ ಫಾರಂನಲ್ಲಿ ದೂರು ತಡವಾಗಿದ್ದರೆ ಕಾರಣ ಬರೆಯುವುದಕ್ಕೇ ಒಂದು ಕಾಲಂ ಇದೆ. ಅದನ್ನು ಖಾಲಿ ಬಿಡಿಸಬೇಡಿ. ಆಸ್ಪತ್ರೆಯಲ್ಲಿ ಇದ್ದೆ, ಊರಿಗೆ ಹೋಗಿದ್ದೆ, ಹೆದರಿದ್ದೆ, ಯಾವುದು ನಿಜವೋ ಅದು. ಎರಡು ವರ್ಷದ ನಂತರ ಕಟಕಟೆಯಲ್ಲಿ ನಿಂತಾಗ "ಅಷ್ಟು ದಿನ ಯಾಕೆ ಸುಮ್ಮನಿದ್ರಿ" ಅನ್ನುವುದೇ ಮೊದಲ ಪ್ರಶ್ನೆ.

ಇನ್ನೊಂದು, ಫೋನ್ ಪರ್ಸ್ ವಿಷಯದಲ್ಲಿ. ಕಳೆದುಹೋಯ್ತು ಅಂತ ಬರೆಸಿಕೊಂಡ ಚೀಟಿ ಸಿಮ್ ಬದಲಿಸಲಿಕ್ಕೆ ಸಾಕು, ಕಳ್ಳನನ್ನು ಹಿಡಿಯಲಿಕ್ಕೆ ಸಾಲದು. ಕಸಿದುಕೊಂಡು ಹೋಗಿದ್ದರೆ "ಕಸಿದುಕೊಂಡರು" ಅಂತಲೇ ಇರಬೇಕು. ಕಸಿಯುವುದಕ್ಕೆ ಹೊಸ ಕಾನೂನಿನಲ್ಲಿ ಬೇರೆ ಕಲಮೇ ಬಂದಿದೆ, 304. ಲೋಕಲ್ ಟ್ರೇನಿನಲ್ಲಿ ಅಥವಾ ಪ್ಲಾಟ್‌ಫಾರ್ಮಿನಲ್ಲಿ ಆದದ್ದಾದರೆ ಅದು ಊರಿನ ಪೊಲೀಸರದ್ದಲ್ಲ, ರೈಲ್ವೆ ಪೊಲೀಸರದ್ದು, ಅಂದರೆ ಜಿಆರ್‌ಪಿ. ದಾದರ್, ಕುರ್ಲಾ, ಠಾಣೆ, ಕಲ್ಯಾಣ್‌ನಂಥ ದೊಡ್ಡ ಸ್ಟೇಷನ್ನುಗಳಲ್ಲಿ ಅವರ ಠಾಣೆ ಇದೆ. ಖಾಕಿಯಲ್ಲೇ ಓಡಾಡುವ ಆರ್‌ಪಿಎಫ್‌ನವರು ಬೇರೆ, ನಿಮ್ಮ ಫೋನ್ ಕಳ್ಳತನದ ಎಫ್‌ಐಆರ್ ಅವರಲ್ಲಿ ಆಗುವುದಿಲ್ಲ.

"ಇದು ನಮ್ಮ ಹದ್ದು ಅಲ್ಲ, ಅಲ್ಲಿಗೆ ಹೋಗಿ" ಅಂತ ಅಲೆದಾಡಿಸುವುದು ಹಳೇ ಕತೆ. ಈಗ ಜೀರೋ ಎಫ್‌ಐಆರ್ ಕಾನೂನಿನಲ್ಲೇ ಬಂದಿದೆ. ಘಟನೆ ಎಲ್ಲೇ ನಡೆದಿರಲಿ, ಯಾವ ಸ್ಟೇಷನ್ನಿಗೆ ಹೋದರೂ ಬರೆದುಕೊಂಡು ಸಂಬಂಧಪಟ್ಟ ಸ್ಟೇಷನ್ನಿಗೆ ಅವರೇ ಕಳಿಸಬೇಕು. ಪುಣೆಯಿಂದ ಬರುವ ಬಸ್ಸಿನಲ್ಲಿ ಬ್ಯಾಗ್ ಹೋಯ್ತು, ಗೊತ್ತಾದದ್ದು ಮುಂಬೈಗೆ ಬಂದ ಮೇಲೆ, ಇಲ್ಲೇ ಕೊಡಬಹುದು. ಇಮೇಲ್, ಆನ್‌ಲೈನ್ ಮೂಲಕವೂ ದೂರು ಕಳಿಸಬಹುದು. ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು.

ಎಫ್‌ಐಆರ್ ನಕಲು ಪುಕ್ಕಟೆ. ಅದು ಉಪಕಾರ ಅಲ್ಲ, ನಿಮ್ಮ ಹಕ್ಕು. ನಾಳೆ ಬನ್ನಿ ಅಂದರೆ ನಾಳೆಯೂ ಹೋಗಿ.

ಬರೆದುಕೊಳ್ಳುವುದೇ ಇಲ್ಲ ಅಂದರೆ? ಕಾಗ್ನಿಜೆಬಲ್ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಕೇಸಿನಲ್ಲಿ ಹೇಳಿದೆ. ಹೊಸ ಕಾನೂನು ಒಂದು ಸಣ್ಣ ಕಿಂಡಿ ಬಿಟ್ಟಿದೆ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ ಮೇಲಧಿಕಾರಿಯ ಅನುಮತಿ ಪಡೆದು ಹದಿನಾಲ್ಕು ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ಅಷ್ಟು ಬಿಟ್ಟರೆ ಇಲ್ಲ ಅನ್ನುವಂತಿಲ್ಲ. ಅನ್ನುತ್ತಾರೆ, ಅದು ಬೇರೆ ಮಾತು! ಹಾಗಾದಾಗ ಮೊದಲು ಸ್ಟೇಷನ್ನಿನ ಮುಖ್ಯಸ್ಥರಾದ ಸೀನಿಯರ್ ಪಿಐ (ಪೊಲೀಸ್ ಇನ್‌ಸ್ಪೆಕ್ಟರ್) ಅವರನ್ನು ನೋಡಿ. ಅಲ್ಲೂ ಆಗದಿದ್ದರೆ ದೂರನ್ನು ಬರೆದು ಆ ವಲಯದ ಡಿಸಿಪಿಗೆ (ಉಪ ಪೊಲೀಸ್ ಆಯುಕ್ತರಿಗೆ) ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 175ರ ಅರ್ಜಿ, ಅಫಿಡವಿಟ್ ಜೊತೆ. ಮೊದಲ ಎರಡು ಮೆಟ್ಟಿಲು ಹತ್ತಿದ್ದಕ್ಕೆ ಪುರಾವೆ ಇಲ್ಲದೆ ಮೂರನೆಯದಕ್ಕೆ ಹೋದರೆ ಅರ್ಜಿ ಅಲ್ಲೇ ಬೀಳುತ್ತದೆ. ಆ ಅಂಚೆ ರಸೀದಿಯನ್ನು ಬಿಸಾಡಬೇಡಿ.

ದುಡ್ಡಿನ ವಿಷಯದಲ್ಲಿ ಮಾತ್ರ ಪೊಲೀಸರು ಸಿವಿಲ್ ಅಂತ ವಾಪಸ್ ಕಳಿಸಿದರೆ ಕೆಲವು ಸಲ ಅವರ ಮಾತು ಸರಿಯೇ. ಕೈಗಡ ಕೊಟ್ಟಿರಿ, ಅವನು ಕೊಡಲಿಲ್ಲ, ಇಷ್ಟೇ ಆದರೆ ಅದು ಅಪರಾಧ ಆಗುವುದಿಲ್ಲ. ಮೊದಲಿನಿಂದಲೇ ಮೋಸ ಮಾಡುವ ಉದ್ದೇಶ ಇತ್ತು ಅಂತ ತೋರಿಸಬೇಕು. ಚೆಕ್ ಬೌನ್ಸ್ ಆದರೆ ಅದಕ್ಕೆ ಪೊಲೀಸರೇ ಬೇಡ. ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್, ನೋಟಿಸ್ ತಲುಪಿದ ಮೇಲೆ ಕೊಡಲು 15 ದಿನ, ಆಮೇಲೆ ಒಂದು ತಿಂಗಳೊಳಗೆ ಕೋರ್ಟು. ಈ ಲೆಕ್ಕ ತಪ್ಪಿದರೆ ಕಷ್ಟ.

ಆನ್‌ಲೈನಿನಲ್ಲಿ ದುಡ್ಡು ಹೋದರೆ ಸ್ಟೇಷನ್ ಆಮೇಲೆ, ಮೊದಲು 1930ಕ್ಕೆ ಫೋನ್. ವಿಡಿಯೋ ಕಾಲಿನಲ್ಲಿ ಪೊಲೀಸ್ ಡ್ರೆಸ್ ಹಾಕಿಕೊಂಡು "ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ" ಅನ್ನುವವನು ಕಳ್ಳ. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ಕಟ್ ಮಾಡಿ.

ಸ್ಟೇಷನ್ನಿನಿಂದ ಫೋನ್ ಬಂದರೆ

"ಜರಾ ಚೌಕಿ ಪೆ ಆ ಕೆ ಜಾವೋ" ಅಂತ ಹವಾಲ್ದಾರ್ ಫೋನ್ ಮಾಡುತ್ತಾನೆ. ಹೆದರಿ ಫೋನ್ ಸ್ವಿಚ್ ಆಫ್ ಮಾಡಿ ಊರಿನ ಬಸ್ ಹತ್ತುವವರು ಇದ್ದಾರೆ, ಅದು ತೀರಾ ತಪ್ಪು. ಓಡಿಹೋದ ಅಂತ ಬರೆದರೆ ಆಮೇಲೆ ಜಾಮೀನಿಗೇ ಕುತ್ತು. ಕೇಳಬೇಕಾದ್ದು ಮೂರೇ ಮಾತು. ಯಾವ ಕೇಸು? ಸಾಕ್ಷಿಯಾಗಿ ಕರೆಯುತ್ತಿದ್ದೀರಾ, ಆರೋಪಿಯಾಗಿ ಕರೆಯುತ್ತಿದ್ದೀರಾ? ಬರಹದಲ್ಲಿ ನೋಟಿಸ್ ಕೊಡುತ್ತೀರಾ?

ಸಾಕ್ಷಿಯಾದರೆ ಲಿಖಿತ ಆದೇಶ ಕೊಟ್ಟು ಕರೆಯಬೇಕು. ಹೆಂಗಸರನ್ನು, 15 ವರ್ಷದೊಳಗಿನ ಮಕ್ಕಳನ್ನು, 60 ದಾಟಿದವರನ್ನು, ತೀವ್ರ ಕಾಯಿಲೆ ಇದ್ದವರನ್ನು ಸ್ಟೇಷನ್ನಿಗೆ ಬಾ ಅನ್ನುವಂತಿಲ್ಲ. ಅವರ ಮನೆಗೇ ಬಂದು ಕೇಳಬೇಕು. ಅಮ್ಮನನ್ನೋ ಅತ್ತೆಯನ್ನೋ ಕರೆದರೆ ಮರ್ಯಾದೆಯಿಂದಲೇ ಇದನ್ನು ಹೇಳಿ.

ಆರೋಪಿ ಅಂತಾದರೆ, ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧದಲ್ಲಿ ಪೊಲೀಸರು ಏಕಾಏಕಿ ಬಂಧಿಸುವಂತಿಲ್ಲ. ಯಾಕೆ ಬಂಧಿಸಬೇಕು ಅನ್ನುವ ಕಾರಣ ಬರೆದಿಡಬೇಕು, ಇಲ್ಲದಿದ್ದರೆ ಅದೇ ಸುರಕ್ಷಾ ಸಂಹಿತೆಯ ಕಲಂ 35ರ ನೋಟಿಸ್ ಕೊಟ್ಟು ಕರೆಯಬೇಕು. 2014ರ ಅರ್ನೇಶ್ ಕುಮಾರ್ ತೀರ್ಪು ಇದನ್ನೇ ಬಿಗಿ ಮಾಡಿದ್ದು. ಈ ನೋಟಿಸನ್ನು ವಾಟ್ಸಾಪಿನಲ್ಲಿ ಕಳಿಸುವಂತಿಲ್ಲ ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೋಟಿಸ್ ಬಂದ ಮೇಲೆ ಹೋಗಲೇಬೇಕು. ಹೇಳಿದ ದಿನ ಹೋಗಿ ಸಹಕರಿಸುತ್ತಾ ಇದ್ದರೆ, ಬೇರೆ ಕಾರಣ ಬರೆದಿಡದೆ ಬಂಧಿಸುವಂತಿಲ್ಲ. ಹೋಗದಿದ್ದರೆ ಆ ರಕ್ಷಣೆ ನೀವೇ ಕಳೆದುಕೊಂಡಂತೆ. ಹೋಗುವ ಮೊದಲು ವಕೀಲರಿಗೆ ನೋಟಿಸ್ ತೋರಿಸಿ, ಬಂಧನದ ಭಯ ನಿಜವಾಗಿಯೂ ಇದ್ದರೆ ಸೆಷನ್ಸ್ ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನು ಕೇಳುವ ದಾರಿ ಇದೆ.

ಸಹಿ ಯಾವುದಕ್ಕೆ?

ನಮ್ಮ ಆಫೀಸಿನಲ್ಲಿ ನಾನು ಅತಿ ಹೆಚ್ಚು ಸಲ ಹೇಳುವ ಮಾತು ಇದು. ನೀವು ದೂರುದಾರರಾದರೆ ಎಫ್‌ಐಆರ್‌ಗೆ ಸಹಿ ಹಾಕಬೇಕು, ಓದಿಸಿಕೊಂಡ ಮೇಲೆ. ತನಿಖೆಯ ಹೊತ್ತಿನಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಹಾಕಬೇಕಾಗಿಯೇ ಇಲ್ಲ. ಹಾಕಿಸಿಕೊಳ್ಳಬಾರದು ಅಂತ ಕಾನೂನೇ ಹೇಳುತ್ತದೆ. ಬಂಧಿಸಿದರೆ ಅರೆಸ್ಟ್ ಮೆಮೋಗೆ ಬಂಧಿತನ ಸಹಿ ಬೇಕು. ಅದರಲ್ಲಿ ದಿನ ಮತ್ತು ಹೊತ್ತು ಇರುತ್ತದೆ, ಅದು ನಿಜವಾಗಿ ಹಿಡಿದ ಹೊತ್ತೇ ಆಗಿರಬೇಕು. ಬೆಳಿಗ್ಗೆ ಹತ್ತಕ್ಕೆ ಕರೆತಂದು ಸಂಜೆ ಏಳು ಅಂತ ಬರೆದಿದ್ದರೆ ಸಹಿಯ ಪಕ್ಕದಲ್ಲಿ ಕನ್ನಡದಲ್ಲಾದರೂ ಸರಿ, "ಬೆಳಿಗ್ಗೆ 10ಕ್ಕೆ ತಂದರು" ಅಂತ ಬರೆಯಿರಿ. ಖಾಲಿ ಹಾಳೆಗೆ, ಅರ್ಧ ತುಂಬಿದ ಹಾಳೆಗೆ ಯಾರು ಹೇಳಿದರೂ ಹಾಕಬೇಡಿ. ಪೊಲೀಸರ ಮುಂದೆ "ಮಾಡಿದ್ದು ನಾನೇ" ಅಂತ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ಸಾಕ್ಷ್ಯ ಆಗುವುದಿಲ್ಲ. ಆದರೆ ನೀವು ಹೇಳಿದ ಜಾಗದಲ್ಲೇ ಮಾಲು ಸಿಕ್ಕರೆ ಅಷ್ಟು ಭಾಗ ಸಾಕ್ಷ್ಯ ಆಗುತ್ತದೆ. ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳಬೇಕಾಗಿಲ್ಲ ಅನ್ನುವುದು ಸಂವಿಧಾನದ 20ನೇ ವಿಧಿಯಲ್ಲೇ ಇದೆ.

ಪಂಚನಾಮೆಯ ವಿಷಯ ಹೋಟೆಲಿನವರಿಗೆ ಮುಖ್ಯ. ಜಪ್ತಿ ಮಾಡುವಾಗ, ಜಾಗ ತಪಾಸಣೆ ಮಾಡುವಾಗ ಇಬ್ಬರು ಹೊರಗಿನ ಸಾಕ್ಷಿಗಳು ಬೇಕು, ಅವರೇ ಪಂಚರು. ರಾತ್ರಿ ಹನ್ನೊಂದಕ್ಕೆ ಪೊಲೀಸರಿಗೆ ಯಾರು ಸಿಗುತ್ತಾರೆ? ಚಹಾ ತಂದುಕೊಟ್ಟ ನಮ್ಮ ಹುಡುಗನೇ! "ಸೇಟ್ರೇ, ಪೊಲೀಸ್ರು ಸೈನ್ ಹಾಕು ಅಂತಾ ಇದ್ದಾರೆ, ಏನ್ ಮಾಡ್ಲಿ?" ಅಂತ ಅವನು ಓಡಿ ಬರುತ್ತಾನೆ, ಸೇಟ್ರು "ಹಾಕು ಮಾರಾಯ, ಅವರ ಹತ್ರ ಯಾಕೆ ಜಗಳ" ಅನ್ನುತ್ತಾರೆ. ಆಗುವುದೇನು ಅಂದರೆ, ನಾಲ್ಕೈದು ವರ್ಷ ಕಳೆದು ಆ ಹುಡುಗ ಕೆಲಸ ಬಿಟ್ಟು ಊರು ಸೇರಿ ಮದುವೆಯಾಗಿ ಕೂತಿರುವಾಗ ಮುಂಬೈಯ ಕಿಲ್ಲಾ ಕೋರ್ಟಿನಿಂದ ಸಮನ್ಸ್ ಬರುತ್ತದೆ. ಬರದಿದ್ದರೆ ವಾರಂಟ್. ಬಂದು ನಿಂತರೆ ತಾನು ಏನನ್ನೂ ನೋಡಿರಲಿಲ್ಲ ಅನ್ನುವುದು ಎರಡು ಪ್ರಶ್ನೆಯಲ್ಲೇ ಹೊರಬೀಳುತ್ತದೆ. ಹಾಗಂತ ಪಂಚನಾಗುವುದನ್ನು ಸುಮ್ನೆ ತಿರಸ್ಕರಿಸುವ ಹಾಗೂ ಇಲ್ಲ. ತಪಾಸಣೆಗೆ ಸಾಕ್ಷಿಯಾಗು ಅಂತ ಬರೆದು ಆದೇಶ ಕೊಟ್ಟ ಮೇಲೆ ಸರಿಯಾದ ಕಾರಣವಿಲ್ಲದೆ ಇಲ್ಲ ಅಂದರೆ ಅದೂ ಅಪರಾಧ. ನಾನು ಹೇಳುವುದು ಇಷ್ಟೇ: ಹೋಗಿ, ಪೂರ್ತಿ ನಿಂತು ನೋಡಿ, ನೋಡಿದ್ದಕ್ಕೆ ಮಾತ್ರ ಸಹಿ ಹಾಕಿ. ಸ್ಟೇಷನ್ನಿನಲ್ಲಿ ಕೂತು ಮೊದಲೇ ಬರೆದಿಟ್ಟ ಪಂಚನಾಮೆಗೆ ಬೇಡ. ಈಗ ತಪಾಸಣೆ ಜಪ್ತಿಯನ್ನೆಲ್ಲ ವಿಡಿಯೋ ಮಾಡಬೇಕು ಅಂತ ಕಾನೂನು ಬಂದಿರುವುದರಿಂದ ಅಲ್ಲಿ ಇಲ್ಲದವರ ಸಹಿ ಇದ್ದರೆ ಸಿಕ್ಕಿಬೀಳುವುದೂ ಸುಲಭ.

ಬಂಧನ ಆಗಿಯೇ ಹೋದರೆ

ಬಂಧಿಸುವವರ ಹೆಸರು ಎದೆಯ ಮೇಲೆ ಕಾಣಬೇಕು. ಮನೆಯವರಿಗೋ ಸ್ನೇಹಿತರಿಗೋ ತಿಳಿಸಬೇಕು. ವೈದ್ಯಕೀಯ ಪರೀಕ್ಷೆ ಆಗಬೇಕು. ವಿಚಾರಣೆಯ ಮಧ್ಯೆ ವಕೀಲರನ್ನು ಕಾಣಲು ಬಿಡಬೇಕು, ಪೂರ್ತಿ ಹೊತ್ತು ಜೊತೆಗೆ ಕೂರಿಸಿಕೊಳ್ಳಲು ಆಗುವುದಿಲ್ಲ, ಆದರೆ ಕಾಣಬಹುದು. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿಯೇ ಬರಹದಲ್ಲಿ ಕಾರಣ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು, ಭಾನುವಾರವಾದರೂ.

ಇದರಲ್ಲಿ ನಮಗೆ ಅಂದರೆ ಇಲ್ಲಿನ ಭಾಷೆ ಓದಲು ಬಾರದವರಿಗೆ ಬಹಳ ಬೇಕಾದ ಒಂದು ಮಾತು 2025ರ ನವೆಂಬರಿನಲ್ಲಿ ಬಂತು. ಮುಂಬೈಯ ವರ್ಲಿಯ ಕಾರು ಅಪಘಾತದ ಕೇಸಿನಿಂದಲೇ ಎದ್ದ ಪ್ರಶ್ನೆ ಅದು. ಯಾವ ಅಪರಾಧವೇ ಇರಲಿ, ಬಂಧನದ ಕಾರಣಗಳನ್ನು ಬರಹದಲ್ಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಆ ಕ್ಷಣಕ್ಕೆ ಆಗದಿದ್ದರೆ ಬಾಯಲ್ಲಿ ಹೇಳಿ, ಮ್ಯಾಜಿಸ್ಟ್ರೇಟ್ ಮುಂದೆ ತರುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲಾದರೂ ಬರಹ ಕೈಗೆ ಸೇರಬೇಕು. ಇಲ್ಲದಿದ್ದರೆ ಬಂಧನವೂ ರಿಮಾಂಡೂ ಕಾನೂನುಬಾಹಿರ. ಅಂದರೆ ಕನ್ನಡ ಮಾತ್ರ ಗೊತ್ತಿರುವ ಹುಡುಗನಿಗೆ ಮರಾಠಿ ಹಾಳೆ ಕೊಟ್ಟರೆ ಸಾಲದು. ಮ್ಯಾಜಿಸ್ಟ್ರೇಟ್ "ಕಾರಣ ಕೊಟ್ಟಿದ್ದಾರಾ, ಪೊಲೀಸರ ಮೇಲೆ ಏನಾದರೂ ದೂರು ಇದೆಯಾ" ಅಂತ ಕೇಳಿದಾಗ ತಲೆ ಅಲ್ಲಾಡಿಸಬೇಡಿ, ಬಾಯಿ ಬಿಟ್ಟು ಹೇಳಿ. ಹೊಡೆದಿದ್ದರೆ ಅದನ್ನೂ ಆಗಲೇ ಹೇಳಿ.

ಮೊದಲ ದಿನ ಕೋರ್ಟಿನಲ್ಲಿ ಎರಡು ಅಕ್ಷರ ಕೇಳಿಸುತ್ತದೆ, ಪಿಸಿ ಮತ್ತು ಎಂಸಿ. ಪಿಸಿ ಅಂದರೆ ವಾಪಸ್ ಪೊಲೀಸ್ ಲಾಕಪ್ಪಿಗೆ. ಎಂಸಿ ಅಂದರೆ ಆರ್ಥರ್ ರೋಡ್, ತಳೋಜಾ, ಠಾಣೆ, ಹೀಗೆ ಜೈಲಿಗೆ. ಎಂಸಿ ಅಂದಕೂಡಲೇ ಮನೆಯವರು ಅಳಲು ಶುರು ಮಾಡುತ್ತಾರೆ. ನಿಜ ಹೇಳಬೇಕೆಂದರೆ ಅದು ಒಳ್ಳೆಯ ಸುದ್ದಿ, ಪೊಲೀಸರ ವಿಚಾರಣೆ ಸದ್ಯಕ್ಕೆ ಮುಗಿಯಿತು, ಇನ್ನು ಜಾಮೀನು ಅರ್ಜಿ ಹಾಕಬಹುದು. ಪಿಸಿ ಒಟ್ಟು 15 ದಿನ ಮೀರುವಂತಿಲ್ಲ, ಆದರೆ ಈಗ ಅದನ್ನು ತುಂಡು ತುಂಡಾಗಿಯೂ ಕೇಳಬಹುದು. ಚಾರ್ಜ್‌ಶೀಟ್ ಹಾಕಲು 60 ದಿನ, ಹತ್ತು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಕ್ಕೆ 90 ದಿನ. ಆ ದಿನ ದಾಟಿತೋ, ಅರ್ಜಿ ಹಾಕಿದರೆ ಜಾಮೀನು ಹಕ್ಕಿನಿಂದಲೇ ಸಿಗುತ್ತದೆ. ಚಾರ್ಜ್‌ಶೀಟ್ ಬಂದುಬಿಟ್ಟ ಮೇಲೆ ಈ ಹಕ್ಕು ಇಲ್ಲ, ಹಾಗಾಗಿ ದಿನ ಎಣಿಸುತ್ತಾ ಇರಬೇಕು.

ವಕೀಲರಿಗೆ ದುಡ್ಡಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ. ಕಸ್ಟಡಿಯಲ್ಲಿ ಇರುವವರಿಗೆ, ಎಲ್ಲ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಪುಕ್ಕಟೆ ವಕೀಲರನ್ನು ಕೊಡಬೇಕು.

ಜಾಮೀನು ಆಯ್ತು, ಶ್ಯೂರಿಟಿ ಎಲ್ಲಿಂದ?

ಜಾಮೀನು ಕೊಡಬಹುದಾದ ಅಪರಾಧದಲ್ಲಿ ಜಾಮೀನು ನಿಮ್ಮ ಹಕ್ಕು, ಸ್ಟೇಷನ್ನಿನಲ್ಲೇ ಬಿಡಬೇಕು. ಉಳಿದದ್ದರಲ್ಲಿ ಕೋರ್ಟಿನ ವಿವೇಚನೆ. ನಮ್ಮವರು ಒದ್ದಾಡುವುದು ಆರ್ಡರ್ ಆದ ಮೇಲೆ. ಇಪ್ಪತ್ತೈದು ಸಾವಿರದ ಶ್ಯೂರಿಟಿ, ಅಂದರೆ ಅಷ್ಟು ಮೊತ್ತಕ್ಕೆ ಆರೋಪಿಯ ಪರ ಹೊಣೆ ನಿಲ್ಲುವವರು ಬೇಕು, ಅಂತ ಬರೆದಿರುತ್ತಾರೆ. ಶ್ಯೂರಿಟಿ ನಿಲ್ಲುವವರ ರೇಶನ್ ಕಾರ್ಡ್, ಸಂಬಳದ ಚೀಟಿ ಅಥವಾ ಆಸ್ತಿ ಪತ್ರ, ಆಧಾರ್ ಕೇಳುತ್ತಾರೆ. ಹುಡುಗನ ಅಪ್ಪನ ಜಮೀನು ಇರುವುದು ಸಿಂದಗಿಯಲ್ಲೋ ಕಾರ್ಕಳದಲ್ಲೋ. "ಲೋಕಲ್ ಶ್ಯೂರಿಟಿ ತನ್ನಿ" ಅನ್ನುತ್ತಾರೆ. ಇದಕ್ಕೆ 1978ರ ಮೋತಿರಾಂ ತೀರ್ಪು ತೋರಿಸಿ. ಮಧ್ಯಪ್ರದೇಶದ ಒಬ್ಬ ಗಾರೆ ಮೇಸ್ತ್ರಿಗೆ, ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಶ್ಯೂರಿಟಿ ನಿರಾಕರಿಸಿದ್ದರು. ಹೊರ ಜಿಲ್ಲೆ ಅನ್ನುವ ಒಂದೇ ಕಾರಣಕ್ಕೆ ಹಾಗೆ ಮಾಡುವಂತಿಲ್ಲ ಅಂದ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಒಬ್ಬ ಮಲಯಾಳಿಯೋ ಕನ್ನಡಿಗನೋ ದೂರದ ಬಸ್ತರಿನಲ್ಲಿ ಸಿಕ್ಕಿಬಿದ್ದರೆ ಏನು ಮಾಡಬೇಕು ಅಂತ ಆ ತೀರ್ಪಿನಲ್ಲೇ ಕೇಳಿದ್ದಾರೆ. ನಮಗೆ ಬರೆದಂತೆಯೇ ಇದೆ ಅಲ್ವಾ? ಶ್ಯೂರಿಟಿ ಸಿಗುವವರೆಗೆ ಕೆಲವು ವಾರದ ಮಟ್ಟಿಗೆ ಕ್ಯಾಶ್ ಬೇಲ್, ಅಂದರೆ ಶ್ಯೂರಿಟಿ ಬದಲು ನಗದು ಕಟ್ಟಿ ಬಿಡಿಸಿಕೊಳ್ಳುವ ಜಾಮೀನು, ಕೇಳಿ, ಹೆಚ್ಚಾಗಿ ಸಿಗುತ್ತದೆ. ಕೋರ್ಟಿನ ಗೇಟಿನಲ್ಲಿ ನಿಂತು "ಶ್ಯೂರಿಟಿ ಬೇಕಾ" ಅಂತ ಕಿವಿಯಲ್ಲಿ ಹೇಳುವವರ ಹತ್ತಿರ ಮಾತ್ರ ಹೋಗಬೇಡಿ. ಸುಳ್ಳು ಕಾಗದ ಅಂತ ಗೊತ್ತಾದರೆ ಇದ್ದ ಕೇಸಿನ ಜೊತೆ ಇನ್ನೊಂದು.

ಜಾಮೀನು ಸಿಕ್ಕಿದ ಮೇಲೆ ತಾರೀಖು ತಪ್ಪಿಸಬೇಡಿ. ಊರಿನಲ್ಲಿ ಕೋಲ ಇದೆ, ಜಾತ್ರೆ ಇದೆ, ತಂಗಿಯ ಮದುವೆ ಇದೆ, ಎಲ್ಲ ಸರಿ. ಹೋಗುವ ಮೊದಲೇ ವಕೀಲರಿಗೆ ಹೇಳಿದರೆ ಆ ದಿನಕ್ಕೆ ಹಾಜರಿ ವಿನಾಯಿತಿ ಅರ್ಜಿ ಹಾಕುತ್ತಾರೆ, ಅರ್ಧ ಹಾಳೆಯ ಕೆಲಸ. ಹೇಳದೆ ಹೋದರೆ ನಾನ್ ಬೇಲಬಲ್ ವಾರಂಟ್ ಆಗುತ್ತದೆ. ಮತ್ತೆ ಹಾಜರಾಗಿ ಅದನ್ನು ರದ್ದು ಮಾಡಿಸಬೇಕು, ದಂಡ ಕಟ್ಟಬೇಕು, ಶ್ಯೂರಿಟಿ ನಿಂತ ಮಾವನ ಮುಂದೆ ತಲೆ ತಗ್ಗಿಸಬೇಕು.

ವಿಚಾರಣೆಯ ಬಗ್ಗೆ ಇಲ್ಲಿ ಜಾಸ್ತಿ ಬರೆಯುವುದಿಲ್ಲ, ಅದು ವಕೀಲರ ಕೆಲಸ. ಒಂದೆರಡು ಮಾತು ಮಾತ್ರ. ಆರೋಪಿಗೆ ಚಾರ್ಜ್‌ಶೀಟ್ ಮತ್ತು ಹೇಳಿಕೆಗಳ ನಕಲು ಪುಕ್ಕಟೆ ಸಿಗಬೇಕು. ಸಾಕ್ಷಿ ಹೇಳುವ ಭಾಷೆ ಆರೋಪಿಗೆ ತಿಳಿಯದಿದ್ದರೆ ಕೋರ್ಟಿನಲ್ಲೇ ಅನುವಾದಿಸಿ ಹೇಳಬೇಕು, ಇದನ್ನು ಕೇಳಿ ಪಡೆಯಬೇಕು. ದೂರು ಕೊಟ್ಟವರಿಗೆ ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಪೊಲೀಸರು ತಿಳಿಸಬೇಕು.

ಕೊನೆಗೆ ಜಪ್ತಿಯಾದ ಮಾಲು. ನಿಮ್ಮ ಕಳುವಾದ ಫೋನ್ ಸಿಕ್ಕಿದೆ, ಅಥವಾ ಅಪಘಾತದ ಕೇಸಿನಲ್ಲಿ ನಿಮ್ಮ ಟೆಂಪೋ ಸ್ಟೇಷನ್ನಿನ ಹೊರಗೆ ಮಳೆಗೆ ನೆನೆಯುತ್ತಾ ನಿಂತಿದೆ. ಕೇಸು ಮುಗಿಯುವವರೆಗೆ ಕಾಯಬೇಕಾಗಿಲ್ಲ. ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಮಾಲು ವಾಪಸ್ ಕೇಳಿ ಅರ್ಜಿ ಹಾಕಿ. ಬಿಲ್, ಆರ್‌ಸಿ, ಇನ್ಶೂರೆನ್ಸ್, ಎಫ್‌ಐಆರ್ ನಕಲು ಜೊತೆಗೆ ಬೇಕು. ಪೊಲೀಸರ ಅಭಿಪ್ರಾಯ ಕೇಳುತ್ತಾರೆ, ಫೋಟೋ ತೆಗೆಸುತ್ತಾರೆ, ಬೇಕೆಂದಾಗ ತಂದು ತೋರಿಸುತ್ತೇನೆ ಅಂತ ಬಾಂಡ್ ಬರೆಸಿಕೊಂಡು ಕೊಡುತ್ತಾರೆ. ಆ ಬಾಂಡಿನಲ್ಲಿ ಮಾರಬಾರದು ಅಂತ ಇದ್ದರೆ ಮಾರಬೇಡಿ. ಫೋನ್ ಆದರೆ ಅದು ಹೋದಾಗ ನೀವೇ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್, ಬ್ಲಾಕ್ ಮಾಡಿಸಿರುತ್ತೀರಿ, ಅದನ್ನು ಅಲ್ಲೇ ತೆಗೆಸಬೇಕು. ಇಲ್ಲದಿದ್ದರೆ ಮನೆಗೆ ತಂದು ಸಿಮ್ ಹಾಕಿದರೂ ನೆಟ್‌ವರ್ಕ್ ಬರುವುದಿಲ್ಲ.